ಪಿಕಪ್ಪಿನ ಒಳಗಿಂದ ಮೂರು ಬಡಿತ

ಇದನ್ನು ನನಗೆ ಮೊದಲು ಹೇಳಿದವರು ನಮ್ಮ ಅತ್ತೆ. ಬೀದರ್ ಕಡೆಯವರು. ಹೈದರಾಬಾದಿನ ನಾಚಾರಂನಲ್ಲಿ ಕಾರ್ಖಾನೆಗಳ ಸಾಲು ಮುಗಿದು ಲಾರಿಗಳ ಸಾಲು ಶುರುವಾಗುವ ಕಡೆ ನಮ್ಮದೊಂದು ಸ್ಪೇರ್ ಪಾರ್ಟ್ಸ್ ಅಂಗಡಿಯಿದೆ. ಇಟ್ಟವರು ಮಾವ, ನಡೆಸಿದವರು ಅತ್ತೆ. ನನ್ನ ಗಂಡ ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ನೌಕರ. ಗಾಡಿಯ ವಿಷಯದಲ್ಲಿ ಅವರಿಗೆ ಖಚಿತವಾಗಿ ಗೊತ್ತಿರುವುದು ಹಾರ್ನ್ ಎಲ್ಲಿದೆ ಎಂಬುದಷ್ಟೇ. ಹಾಗಾಗಿ ಮದುವೆಯಾಗಿ ಬಂದ ಕೆಮಿಸ್ಟ್ರಿ ಬಿ.ಎಸ್ಸಿ. ಸೊಸೆಯನ್ನು ಅತ್ತೆ ಎರಡನೇ ವಾರಕ್ಕೇ ಗಲ್ಲಾದ ಪಕ್ಕ ಕೂರಿಸಿಕೊಂಡು ಹೇಳಿದರು:

“ನೋಡವ್ವ, ಇಲ್ಲಿಗಿ ಬರೋರಿಗೆ ಸಾಮಾನಿಗಿಂತ ಧೈರ್ಯ ಜಾಸ್ತಿ ಬೇಕಾಗಿರ್ತದ. ಆಯಿಲ್ ಫಿಲ್ಟರ್ ಕೇಳಾಕ ಬಂದವರಂತೂ ಅರ್ಧ ಅಂಜಿಕೊಂಡೇ ಬಂದಿರ್ತಾರ. ಒಂದು ನೆನಪಿಡು. ಹಳೇ ಪೀಸ್ ತೋರಿಸಿ ಇಂಥದೇ ಕೊಡ್ರಿ ಅಂದ್ರ ಕೊಡಬ್ಯಾಡ. ಎದ್ದು ಹೋಗಿ ಗಾಡಿ ನೋಡು. ಪೀಸ್ ಸುಳ್ಳು ಹೇಳ್ತದ, ಗಾಡಿ ಹೇಳಲ್ಲ.”

ಈಗ ಅತ್ತೆ ಗಲ್ಲಾದ ಮೇಲೆ ಹಾರ ಹಾಕಿಸಿಕೊಂಡು ಫೋಟೋದಲ್ಲಿದ್ದಾರೆ. ಅಂಗಡಿಯ ಯಾವ ಮೂಲೆಯಲ್ಲಿ ನಿಂತರೂ ನಿಂತವರನ್ನೇ ನೋಡುತ್ತಾರೆ. ಗಿರಾಕಿಯೊಬ್ಬ ಒಮ್ಮೆ ಬೆವರುತ್ತಾ, “ಆ ಅಮ್ಮ ನನ್ನನ್ನೇ ಯಾಕೆ ನೋಡುತ್ತಿದ್ದಾರೆ?” ಎಂದು ಕೇಳಿದ. “ರೇಟು ಕಮ್ಮಿ ಮಾಡಿ ಅಂದವರನ್ನು ಹಾಗೇ ನೋಡುತ್ತಾರೆ” ಎಂದೆ. ಪೂರ್ತಿ ರೇಟು ಕೊಟ್ಟು ಹೋದ.

ನಮ್ಮ ಅಂಗಡಿಯಲ್ಲಿ ಇಂಥವು ಒಂದಾದ ಮೇಲೊಂದು ನಡೆಯುತ್ತಲೇ ಇರುತ್ತವೆ. ಫಿಲ್ಟರಿನ ಬಣ್ಣ ಗಾಡಿಯ ಬಣ್ಣಕ್ಕೆ ಹೊಂದಬೇಕು ಅನ್ನುವವರಿದ್ದಾರೆ. ರಬ್ಬರ್ ರಿಂಗಿನ ಅಳತೆಗೆಂದು ಹೆಂಡತಿಯ ಕೈಬಳೆ ಬಿಚ್ಚಿಸಿಕೊಂಡು ಬಂದವನಿದ್ದಾನೆ. ಆದರೆ ನಾನು ಹೇಳಹೊರಟಿರುವುದು ಒಂದೇ ಒಂದು ಡೀಸೆಲ್ ಪಿಕಪ್ಪಿನ ಕಥೆ. ಅದನ್ನು ಹೇಳುವ ಮೊದಲು ಉಸ್ತಾದರ ಪರಿಚಯವಾಗಬೇಕು.

೧. ಬೆಂಕಿಕಡ್ಡಿ

ಉಸ್ತಾದ್ ಅಂದರೆ ನಮ್ಮ ಅಂಗಡಿಯ ಎದುರಿನ ಶೆಡ್ಡಿನ ಮೆಕ್ಯಾನಿಕ್. ಮದರಂಗಿ ಹಚ್ಚಿದ ಗಡ್ಡ, ಕಡಿಮೆ ಮಾತು. ಫಿಲ್ಟರ್ ಕೊಳ್ಳಲು ಬಂದರೆ ಡಬ್ಬಿ ಬಿಚ್ಚಿ, ಕಿವಿಯ ಹತ್ತಿರ ಹಿಡಿದು, ಕಣ್ಣುಮುಚ್ಚಿ ಮೆಲ್ಲಗೆ ಅಲ್ಲಾಡಿಸುತ್ತಾರೆ, ತೆಂಗಿನಕಾಯಿ ಅಲ್ಲಾಡಿಸಿದ ಹಾಗೆ. ಒಂದು ಮಧ್ಯಾಹ್ನ ಹೀಗೆ ಅಲ್ಲಾಡಿಸಿದವರು ತಟ್ಟನೆ ಕಣ್ಣು ತೆರೆದರು. ಫಿಲ್ಟರನ್ನು ಮಲಗಿದ ಮಗುವಿನ ಹಾಗೆ ಮೆಲ್ಲಗೆ ಕೆಳಗಿಟ್ಟರು.

“ಇಸ್ ಮೇ ಹೈ” ಎಂದರು. ಇದರೊಳಗೆ ಇದೆಯಂತೆ.

“ಏನಿದೆ ಉಸ್ತಾದ್?”

ಅವರು ಬೇರೊಂದನ್ನು ತೆಗೆದುಕೊಂಡು ರಸ್ತೆ ದಾಟಿ ಹೋಗಿಬಿಟ್ಟರು.

ಆ ಡಬ್ಬಿಯನ್ನು ಮಾರಲು ಮನಸ್ಸಾಗಲಿಲ್ಲ, ಎಸೆಯಲು ಧೈರ್ಯವಾಗಲಿಲ್ಲ. ಮೇಲಿನ ಶೆಲ್ಫಿನಲ್ಲಿ ಒಂಟಿಯಾಗಿ, ಗೋಡೆಗೆ ಮುಖ ಮಾಡಿ ಇಟ್ಟೆ. ಮರುದಿನ ನೋಡಿದರೆ ಅದು ಈ ಕಡೆ ತಿರುಗಿದಂತಿತ್ತು. ಅತ್ತೆಯ ಫೋಟೋಕ್ಕೆ ಹಚ್ಚುವ ಊದುಬತ್ತಿಯನ್ನು ಅದರ ಮುಂದೆಯೂ ಒಂದು ಸುತ್ತು ತಿರುಗಿಸಿದೆ. ಮೂರನೇ ದಿನ ತಡೆಯಲಾಗದೆ ಶೆಡ್ಡಿಗೇ ಹೋಗಿ ಕೇಳಿದೆ, “ಅದರೊಳಗೆ ಏನಿತ್ತು ಉಸ್ತಾದ್?”

“ಸ್ಪ್ರಿಂಗ್ ಢೀಲಾ ಥಾ, ಅಮ್ಮಾ.”

ನಾನು ಒಂದು ಸಡಿಲವಾದ ಸ್ಪ್ರಿಂಗಿಗೆ ಊದುಬತ್ತಿ ಬೆಳಗಿದ್ದೆ.

ನನ್ನ ಮುಖ ನೋಡಿ ಕನಿಕರ ಬಂತೇನೋ, ಉಸ್ತಾದ್ ಅವತ್ತು ತಮ್ಮ ಇನ್ನೊಂದು ಪರೀಕ್ಷೆಯನ್ನೂ ತೋರಿಸಿಕೊಟ್ಟರು. ಫಿಲ್ಟರಿನ ಬಾಯಲ್ಲಿ ನಡುವೆ ಒಂದು ದೊಡ್ಡ ತೂತು, ಸುತ್ತ ಸಣ್ಣ ತೂತುಗಳು. ಸಣ್ಣ ತೂತಿನೊಳಗೆ ಬೆಂಕಿಕಡ್ಡಿ ಇಟ್ಟು ಮೆಲ್ಲಗೆ ಒತ್ತಿದರೆ ಒಳಗೆ ಮೆತ್ತನೆ ರಬ್ಬರ್ ತಾಕಬೇಕು. ಅದಕ್ಕೆ ಅವರಿಟ್ಟ ಹೆಸರು ಪರ್ದಾ. ಎಂಜಿನ್ ನಿಂತಾಗ ಎಣ್ಣೆ ವಾಪಸ್ ಹರಿದುಹೋಗದಂತೆ ಆ ಪರದೆ ತಡೆದಿಡುತ್ತದೆ. “ಪರ್ದಾ ಇಲ್ಲದ್ದನ್ನು ಯಾರಿಗೂ ಕೊಡಬೇಡಮ್ಮಾ” ಅಂದರು. ನಾನು ತಲೆಯಾಡಿಸಿ ಮರೆತೆ. ಬೆಂಕಿಕಡ್ಡಿಯ ತಲೆಯಲ್ಲಿ ಏನೇನಿರುತ್ತದೆ ಎಂದು ನನಗೆ ಕಾಲೇಜಿನಲ್ಲಿ ಕಲಿಸಿದ್ದರು. ಅದನ್ನು ಎಲ್ಲೆಲ್ಲಿ ತೂರಿಸಬೇಕೆಂದು ಕಲಿಸಿರಲಿಲ್ಲ.

೨. ಸೇಮ್ ಟು ಸೇಮ್

ಇದಾದ ಕೆಲವು ತಿಂಗಳಿಗೆ ಒಬ್ಬ ಡ್ರೈವರಣ್ಣ ಬಂದ. ಲಿಂಗಸುಗೂರು ಕಡೆಯವನು. ಕಟ್ಟಡದ ಕೆಲಸಕ್ಕೆಂದು ಹೆಂಡತಿಯೊಂದಿಗೆ ಹೈದರಾಬಾದಿಗೆ ಬಂದು, ವರ್ಷಗಟ್ಟಲೆ ದುಡಿದು, ಒಂದು ಹಳೇ ಪಿಕಪ್ ಕೊಂಡು, ಈಗ ಸೆಂಟ್ರಿಂಗ್ ಶೀಟು, ಕೊಳವೆ ಸಾಗಿಸುವವನು. ಕೆಂಪು ವಸ್ತ್ರದ ಗಂಟು ಬಿಚ್ಚಿ, ಗಾಡಿಯ ಜೊತೆ ಮಾದರಿಗೆಂದು ಸಿಕ್ಕಿದ್ದ ಹಳೇ ಆಯಿಲ್ ಫಿಲ್ಟರ್ ತೆಗೆದ. ಅದರ ಮೇಲೆ ದಸರೆಗೆ ಇಟ್ಟ ಕುಂಕುಮ, ವಿಭೂತಿ, ಸುತ್ತ ಕರಿದಾರ.

“ಅಕ್ಕಾರ, ಇಂಥದ್ದ ಕೊಡ್ರಿ. ಸೇಮ್ ಟು ಸೇಮ್.”

ಅಂಗಡಿಯ ತುಂಬ ಜನ. ಎದ್ದು ಹೋಗಿ ಗಾಡಿ ನೋಡುವಷ್ಟು ಪುರುಸೊತ್ತಿರಲಿಲ್ಲ. ಎತ್ತರ ಹೊಂದಿಸಿದೆ, ತಿರುಪಿನ ಚೂಡಿ ಹೊಂದುತ್ತದೆಯೇ ಎಂದು ತಿರುಗಿಸಿ ನೋಡಿದೆ, ರಬ್ಬರ್ ರಿಂಗ್ ಜೋಡಿಸಿ ನೋಡಿದೆ. ಎಲ್ಲ ಸರಿಯಿತ್ತು. ಕೊಟ್ಟೆ. ಅವನು ಹೊಸ ಡಬ್ಬಿಯನ್ನು ಮೂಸಿ, ದನಿ ತಗ್ಗಿಸಿ ಕೇಳಿದ:

“ಇದರೊಳಗ ಯಾರೂ ಇಲ್ಲಲ್ರಿ?”

“ಕಾಗದ ಇರುತ್ತೆ ಅಣ್ಣಾ. ಮನುಷ್ಯರಿರೋದಿಲ್ಲ.”

“ಹಂಗಲ್ರಿ. ಮುಂಜಾನಿ ಚಾವಿ ಹೊಳ್ಳಿಸಿದ ಕೂಡ್ಲೇ ಒಳಗಿಂದ ಮೂರು ಸಲ ಬಡೀತಾರ್ರಿ. ಬಾಗಲಾ ಬಡದಂಗ. ಆಮ್ಯಾಲ ಸುಮ್ಮನಾಗ್ತಾರ.”

“ಯಾರು?”

“ಮೊದಲಿನ ಮಾಲಕರು. ತೀರಿಕೊಂಡಾರ್ರಿ.”

ಆ ಮಾಲಕರು ಶಾಮಿಯಾನ ಬಾಡಿಗೆಗೆ ಕೊಡುತ್ತಿದ್ದ ಮುದುಕರಂತೆ. ಬದುಕಿದ್ದಾಗ ಪ್ರತಿದಿನ ಬೆಳಿಗ್ಗೆ ಗಾಡಿ ಹೊರಡುವ ಮುಂಚೆ ಬಾನೆಟ್ ಮೇಲೆ ಮೂರು ಸಲ ಬಡಿದು “ನಡಿ ಮಗಳ” ಅನ್ನುತ್ತಿದ್ದರಂತೆ. ನನ್ನ ಕೈಮೇಲಿನ ಕೂದಲು ನಿಮಿರಿತು. ಆದರೂ ಓದಿದವಳಲ್ಲವೇ, ಬಿಡಲಿಲ್ಲ.

“ಗಾಡಿಯಲ್ಲೇ ತೀರಿಕೊಂಡರಾ?”

“ಇಲ್ರಿ, ಮನ್ಯಾಗ. ಮಂಚದ ಮ್ಯಾಲೆ.”

“ಹಾಗಾದರೆ ಮಂಚದಲ್ಲಿ ಬಡೀಬೇಕಲ್ಲಣ್ಣಾ?”

“ಮಂಚ ಯಾರಿಗೂ ಮಾರಿಲ್ರಿ ಅಕ್ಕಾರ. ಗಾಡಿ ಮಾರ್ಯಾರ.”

ಸರಿ, ನನಗೂ ಕೇಳಿಸು ಎಂದೆ. ಹೊರಗೆ ನಿಂತಿದ್ದ ಪಿಕಪ್ ಹತ್ತಿ ಚಾವಿ ತಿರುಗಿಸಿದ. ಎಂಜಿನ್ ಒಳ್ಳೇ ಹುಡುಗಿಯ ಹಾಗೆ ಶುರುವಾಯಿತು. ಬಡಿತವಿಲ್ಲ. ಇಳಿದು ಬಂದವನು ನನ್ನ ಕಿವಿಯ ಹತ್ತಿರ ಪಿಸುಗುಟ್ಟಿದ:

“ಹೊರಗಿನವರ ಮುಂದ ಮಾತಾಡಂಗಿಲ್ರಿ ಅವರು.”

೩. ಬಾನೆಟ್ ಮೇಲಿನ ಚಹಾ

ಆ ಫಿಲ್ಟರ್ ಹಾಕಿಸಿದ ಮೇಲೂ ಬಡಿತ ನಿಲ್ಲಲಿಲ್ಲ. ಡ್ರೈವರಣ್ಣ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ, ಬಂಪರಿಗೆ ಹಳೇ ಚಪ್ಪಲಿ ಜೋತುಬಿಟ್ಟ, ಬೂದುಗುಂಬಳ ಒಡೆದ. ಮಾಲಕರು ಜಗ್ಗಲಿಲ್ಲ. ಒಂದು ಸೋಮವಾರ ಅವನ ಹೆಂಡತಿಯೇ ಅಂಗಡಿಗೆ ಬಂದಳು. ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಗಲ್ಲಾದೆದುರು ನಿಂತಳು.

“ಅಕ್ಕಾರ, ಇವರು ಗಾಡಿ ಮಾರ್ತಾರಂತ್ರಿ. ಅಂಜ್ಯಾರ. ಲಿಂಗಂಪಲ್ಲಿಯಿಂದ ಯಾರೋ ಐತವಾರ ಮುಂಜಾನಿ ನೋಡಾಕ ಬರ್ತಾರಂತ. ಬ್ಯಾರೆ ಗಾಡಿ ತಗೊಳ್ಳೋ ತಾಕತ್ತು ನಮಗೆಲ್ಲೈತ್ರಿ? ಮತ್ತ ಅಡ್ಡಾದಾಗ ಹೋಗಿ ಕೂಲಿಗೆ ನಿಂದರಬೇಕು.”

ಅಡ್ಡಾ ಅಂದರೆ ಬೆಳಿಗ್ಗೆ ಕೂಲಿಯವರು ನಿಂತು, ಮೇಸ್ತ್ರಿ ಕರೆದರೆ ಹೋಗುವ ನಾಲ್ಕು ರಸ್ತೆ ಕೂಡುವ ಜಾಗ.

“ಹತ್ತು ವರ್ಸ ತಲಿ ಮ್ಯಾಲೆ ಬುಟ್ಟಿ ಹೊತ್ತೀನ್ರಿ. ಮಾದಾಪುರದಾಗ ಗಾಜಿನ ಆಫೀಸು ಅದಾವಲ್ರಿ, ಅದರಾಗ ಎರಡಕ್ಕ ಉಸುಕು ಹೊತ್ತಾಕಿ ನಾನ. ಗಾಡಿ ಬಂದ ದಿನ ಬುಟ್ಟಿ ಇಳಿಸೀನಿ. ಇನ್ನ ಎತ್ತಂಗಿಲ್ಲ.”

“ನಿಮಗೆ ಆ ಬಡಿತ ಕೇಳಿ ಹೆದರಿಕೆಯಾಗಲ್ವಾ?”

“ಯಾಕ ಅಂಜಬೇಕ್ರಿ? ಹಿರ್ಯಾರು. ಮೂರು ಸಲ ಬಡದ್ರ ಚಾ ಬೇಕು ಅಂತ ಅರ್ಥ. ಬಾನೆಟ್ ಮ್ಯಾಲೆ ಕಪ್ಪು ಇಟ್ಟು ಒಳಗ ಬರ್ತೀನಿ. ಹೊಳ್ಳಿ ಬಂದು ನೋಡಿದ್ರ ಖಾಲಿ ಇರತೈತಿ.”

“ಯಾರು ಕುಡೀತಾರೆ ಅಂತ ನಿಂತು ನೋಡಿದ್ದೀರಾ?”

“ಛೀ, ಗಂಡಸರು ಚಾ ಕುಡಿಯೋ ಮುಂದ ಎದುರಿಗಿ ನಿಂತು ನೋಡ್ತಾರೇನ್ರಿ?”

ಎಂಜಿನ್ ನಡುಗುವಾಗ ಚಹಾ ಚೆಲ್ಲುತ್ತದೆ ಎಂದು ನಾನು ವಿಜ್ಞಾನ ಹೇಳಿದೆ. ಚೆಲ್ಲಿದ್ದರೆ ಬಾನೆಟ್ ಒದ್ದೆಯಾಗಿರಬೇಕಲ್ಲ ಎಂದು ಅವಳು ವಿಜ್ಞಾನ ಹೇಳಿದಳು. ಹೋಗುವಾಗ ಹೊಸ್ತಿಲಲ್ಲಿ ತಿರುಗಿ ನಿಂತಳು.

“ಏನರ ಮಾಡ್ರಿ ಅಕ್ಕಾರ. ದೆವ್ವದ ಜೋಡಿ ಸಂಸಾರ ಮಾಡ್ತೀನಿ. ಬುಟ್ಟಿ ಜೋಡಿ ಮಾಡಂಗಿಲ್ಲ.”

೪. ಕೊಟ್ಟವರು ಯಾರು?

ಉಸ್ತಾದರಿಗೆ ಹೇಳಿದೆ. ಅವರು ಕೇಳಿದ್ದು ಒಂದೇ: “ಬಿಸಿ ಇದ್ದಾಗ ಬಡಿಯಲ್ಲ, ತಣ್ಣಗಿದ್ದಾಗ ಬಡಿಯುತ್ತೆ. ಹೌದಾ?” ಹೌದು ಎಂದೆ. “ಮಂಗಳವಾರ ಸಂಜೆ ಗಾಡಿ ತಂದು ನಿನ್ನ ಅಂಗಡಿ ಮುಂದೆ ನಿಲ್ಲಿಸಲಿ. ಬುಧವಾರ ಬೆಳಿಗ್ಗೆವರೆಗೆ ಯಾರೂ ಮುಟ್ಟಬಾರದು.”

ಬುಧವಾರ ಬೆಳಿಗ್ಗೆ ನಾಲ್ಕು ಜನ ಪಿಕಪ್ಪಿನ ಸುತ್ತ ನಿಂತೆವು. ಬಿಸಿಲು ಆಗತಾನೆ ಬಿದ್ದಿತ್ತು. ಕಾರ್ಖಾನೆಗಳು ಇನ್ನೂ ಶುರುವಾಗಿರಲಿಲ್ಲ. ನಾಚಾರಂ ಅಷ್ಟು ನಿಶ್ಶಬ್ದವಾಗಿ ಇದ್ದದ್ದನ್ನು ನಾನು ಕೇಳಿಯೇ ಇರಲಿಲ್ಲ. ಉಸ್ತಾದ್ ಬಿಸ್ಮಿಲ್ಲಾ ಎಂದು ಚಾವಿ ತಿರುಗಿಸಿದರು.

ಟಕ್. ಟಕ್. ಟಕ್.

ಒಳಗಿನಿಂದ. ಬೆರಳ ಗೆಣ್ಣಿನಿಂದ ಬಾಗಿಲು ಬಡಿದ ಹಾಗೆ, ಒಳಗಿರುವವರಿಗೆ ತುಂಬ ತಾಳ್ಮೆ ಇದ್ದ ಹಾಗೆ. ಆಮೇಲೆ ಎಂಜಿನ್ ಏನೂ ಆಗದಂತೆ ಓಡತೊಡಗಿತು. ಡ್ರೈವರಣ್ಣ ನನ್ನ ಹಿಂದೆ ಸರಿದ. ನಾನು ಹಿಂದೆ ಸರಿದೆ, ಅಲ್ಲಿ ಅವನಿದ್ದ. ಅವನ ಹೆಂಡತಿ ಮಾತ್ರ ತಲೆಯ ಮೇಲೆ ಸೆರಗು ಎಳೆದುಕೊಂಡು ಫ್ಲಾಸ್ಕಿನ ಮುಚ್ಚಳ ತಿರುಗಿಸತೊಡಗಿದಳು.

ಉಸ್ತಾದ್ ಎಂಜಿನ್ ಆರಿಸಿ ಗಾಡಿಯ ಕೆಳಗೆ ಮಲಗಿ ಜಾರಿದರು. ಸ್ವಲ್ಪ ಹೊತ್ತಿಗೆ ಎಣ್ಣೆಗೈಯಲ್ಲಿ ಫಿಲ್ಟರ್ ಹಿಡಿದು ಹೊರಬಂದರು. ಜೇಬಿನಿಂದ ಬೆಂಕಿಕಡ್ಡಿ ತೆಗೆದು ಸಣ್ಣ ತೂತಿನೊಳಗೆ ಇಟ್ಟರು. ಕಡ್ಡಿ ಎಲ್ಲೂ ತಾಕದೆ ತಲೆಯವರೆಗೆ ಒಳಗೆ ಇಳಿಯಿತು.

“ಪರ್ದಾ ನಹೀ ಹೈ.”

ಈ ಎಂಜಿನ್ನಿನಲ್ಲಿ ಫಿಲ್ಟರ್ ಅಡ್ಡ ಮಲಗಿರುತ್ತದಂತೆ. ಪರದೆಯಿಲ್ಲದ ಫಿಲ್ಟರ್ ಹಾಕಿದರೆ ಗಾಡಿ ನಿಂತಾಗ ಎಣ್ಣೆಯೆಲ್ಲ ಕೆಳಗೆ ಸೋರಿಹೋಗುತ್ತದೆ. ಬೆಳಿಗ್ಗೆ ಚಾವಿ ತಿರುಗಿಸಿದಾಗ ಎಣ್ಣೆ ಮೇಲೆ ಬರುವವರೆಗೆ ಒಣ ಕಬ್ಬಿಣಕ್ಕೆ ಒಣ ಕಬ್ಬಿಣ ಬಡಿಯುತ್ತದೆ. ಎಣ್ಣೆ ಬಂತೋ, ಮೌನ. ಹೀಗೇ ಬಿಟ್ಟಿದ್ದರೆ ಒಂದು ದಿನ ಎಂಜಿನ್ನೇ ಹೋಗುತ್ತಿತ್ತು, ಇನ್ನೂ ಹೊತ್ತು ಮೀರಿಲ್ಲ ಎಂದರು.

ಡ್ರೈವರಣ್ಣ ಸೀಟಿನ ಕೆಳಗಿನಿಂದ ಕೆಂಪು ವಸ್ತ್ರದ ಗಂಟು ತೆಗೆದ. ಮಾಲಕರ ಕಾಲದ ಹಳೇ ಫಿಲ್ಟರ್. ಕಡ್ಡಿ ಅದರೊಳಗೂ ಸಲೀಸಾಗಿ ಇಳಿಯಿತು. ಮುದುಕರು ಯಾವತ್ತೋ ಒಮ್ಮೆ ತಪ್ಪು ಪೀಸ್ ಹಾಕಿಸಿದ್ದರು. ಮುಂದಿನ ಸಲ ಅದನ್ನೇ ಮಾದರಿ ತೋರಿಸಿ ಇಂಥದೇ ತಂದರು. ಅವರು ಹೋದ ಮೇಲೆ ಇವನು ಅದನ್ನೇ ಕುಂಕುಮವಿಟ್ಟು, ವಸ್ತ್ರ ಸುತ್ತಿ, ಸೇಮ್ ಟು ಸೇಮ್ ಎಂದು ತಂದ. ಸತ್ತವರ ತಪ್ಪು ಅಂಗಡಿಯಿಂದ ಗಾಡಿಗೆ, ಗಾಡಿಯಿಂದ ಅಂಗಡಿಗೆ ನಡೆದಾಡುತ್ತಾ ಜೀವಂತವಾಗಿತ್ತು.

“ಕಿಸ್ ನೇ ದಿಯಾ ಯೆ?” ಯಾರು ಕೊಟ್ಟದ್ದು ಇದನ್ನು, ಎಂದು ಉಸ್ತಾದ್ ಗದರಿದರು.

ಡ್ರೈವರಣ್ಣ ನೆಲ ನೋಡಿದ. ಅವನ ಹೆಂಡತಿ ನನ್ನನ್ನು ನೋಡಿದಳು. ನಾನು ತಿರುಗಿ ಅಂಗಡಿಯೊಳಗೆ ಗೋಡೆಯ ಮೇಲಿನ ಅತ್ತೆಯ ಫೋಟೋ ನೋಡಿದೆ. ಅವರು ಆಗಲೇ ನನ್ನನ್ನು ನೋಡುತ್ತಿದ್ದರು.

೫. ಬಡಿಯದ ಗಾಡಿ

ಈ ಸಲ ನಾನೇ ಗಾಡಿಯ ಕೆಳಗೆ ಬಗ್ಗಿ ನೋಡಿದೆ. ಎಂಜಿನ್ ನಂಬರ್ ಬರೆದುಕೊಂಡು ಕಂಪನಿಯ ಪುಸ್ತಕದಲ್ಲಿ ಹುಡುಕಿದೆ, ಡಬ್ಬಿಯ ಸೀಲ್ ನೋಡಿದೆ, ಕಿವಿಯ ಹತ್ತಿರ ಅಲ್ಲಾಡಿಸಿದೆ, ಬೆಂಕಿಕಡ್ಡಿಯಿಂದ ಒತ್ತಿದೆ. ಮೆತ್ತಗೆ ರಬ್ಬರ್ ತಾಕಿತು. ಉಸ್ತಾದ್ ಹೊಸ ಎಣ್ಣೆ ಹಾಕಿ ಅದನ್ನು ಕೂರಿಸಿದರು. ದೆವ್ವ ಬಿಡಿಸಿದ ಹೆಮ್ಮೆಯಿಂದ ಆ ದಿನ ಮನೆಯಲ್ಲಿ ಶಾವಿಗೆ ಪಾಯಸ ಮಾಡಿದೆ.

ಗುರುವಾರ ಶಟರ್ ಎತ್ತುವಷ್ಟರಲ್ಲಿ ಡ್ರೈವರಣ್ಣ ನಿಂತಿದ್ದ. ಮುಖ ಬಿಳಿಚಿತ್ತು.

“ಅಕ್ಕಾರ, ಬಡೀಲಿಲ್ರಿ.”

“ಒಳ್ಳೇದಾಯ್ತಲ್ಲ!”

“ಮತ್ತ ಎಲ್ಲಿಗಿ ಹೋದ್ರು?”

ಎಣ್ಣೆ, ಪರದೆ, ಅಡ್ಡ ಮಲಗಿದ ಫಿಲ್ಟರ್, ಎಲ್ಲವನ್ನೂ ಇನ್ನೊಮ್ಮೆ ಬಿಡಿಸಿ ಹೇಳಿದೆ. ಅವನು ಪೂರ್ತಿ ಕೇಳಿ, ಹೌದ್ರಿ ಹೌದ್ರಿ ಎಂದು ತಲೆಯಾಡಿಸಿ, ಶುಕ್ರವಾರ ಮತ್ತೆ ಬಂದ.

“ಮೊದಲ ಎಂಜಿನ್ನಿನ್ಯಾಗ ಅದಾರ ಅಂತರ ಗೊತ್ತಿತ್ರಿ ಅಕ್ಕಾರ. ಈಗ ಎಲ್ಲೆ ಕುಂತಾರೋ ಏನೋ. ಗಾಡಿ ಹೊಡಿಯೋ ಮುಂದ ಬಾಜೂ ಸೀಟು ನೋಡಾಕ ಧೈರ್ಯ ಆಗವಲ್ದು.”

ಅದೇ ಸಂಜೆ ಹೆಂಡತಿ ಬಂದು ಹೇಳಿದ ಸುದ್ದಿ ನನಗೂ ಹಿಡಿಸಲಿಲ್ಲ. ಎರಡು ದಿನದಿಂದ ಬಾನೆಟ್ ಮೇಲಿನ ಚಹಾ ಹಾಗೇ ಉಳಿದಿದೆ. ಕೆನೆಗಟ್ಟಿದೆ. ಯಾರೂ ಕುಡಿದಿಲ್ಲ.

“ಇವರು ಐತವಾರ ಮಾರೋದ ಗ್ಯಾರಂಟಿ ಅಂತಾರ್ರಿ,” ಎಂದಳು. “ಬಡಿಯೋ ದೆವ್ವಕ್ಕಿಂತ ಸುಮ್ಮನಿರೋ ದೆವ್ವ ಡೇಂಜರಂತ.”

ಬಿ.ಎಸ್ಸಿ. ಕೆಮಿಸ್ಟ್ರಿ, ಫಸ್ಟ್ ಕ್ಲಾಸ್. ಒಂದು ದೆವ್ವವನ್ನು ಬಿಡಿಸಲು ಹೋಗಿ ಅದಕ್ಕೆ ಬಡ್ತಿ ಕೊಟ್ಟಿದ್ದೆ.

೬. ಲಿಂಗಂಪಲ್ಲಿಯವರು

ಶನಿವಾರ ಮಧ್ಯಾಹ್ನ ಡ್ರೈವರಣ್ಣನ ಹೆಂಡತಿ ತನ್ನ ಉಪಾಯ ಗಂಡನಿಗೆ ಗೊತ್ತಾಗದ ಹಾಗೆ ಪಿಕಪ್ಪನ್ನೇ ಶೆಡ್ಡಿಗೆ ತರಿಸಿದಳು. ಎಣ್ಣೆ ಸೋರುತ್ತಿದೆ, ಉಸ್ತಾದರಿಗೆ ತೋರಿಸಿ ಬನ್ನಿ ಎಂದು ಅವನನ್ನೇ ಕಳಿಸಿ, ತಾನು ಹಿಂದಿನಿಂದ ಬಂದು ನಮ್ಮಿಬ್ಬರನ್ನು ಪಕ್ಕಕ್ಕೆ ಕರೆದಳು.

“ಆ ಹಳೇ ಫಿಲ್ಟರ್ ಒಂದ ದಿನದ ಮಟ್ಟಿಗೆ ಹಾಕಿಬಿಡ್ರಿ. ಲಿಂಗಂಪಲ್ಲಿಯವರು ಬಂದು ಚಾವಿ ಹೊಳ್ಳಿಸಲಿ. ಮಾಲಕರು ಬಡೀಲಿ. ಮುಂದಿಂದು ನಾ ನೋಡ್ಕೋತೀನಿ.”

ನಾನು ಉಸ್ತಾದರ ಮುಖ ನೋಡಿದೆ. ಅವರು ಗಡ್ಡ ನೀವಿಕೊಂಡು “ಠೀಕ್ ಹೈ” ಎಂದು ಗಾಡಿಯ ಕೆಳಗೆ ಹೋದರು.

ಭಾನುವಾರ ಅಂಗಡಿಗೆ ರಜೆ. ತಡೆಯಲಾರದೆ ಅವರ ಮನೆಯ ಹತ್ತಿರ ಹೋಗಿ ಡ್ರೈವರಣ್ಣನ ಪಕ್ಕದಲ್ಲಿ ನಿಂತೆ. ಲಿಂಗಂಪಲ್ಲಿಯವರು ಕಪ್ಪು ಕನ್ನಡಕದ ತೆಲುಗು ಮನುಷ್ಯ, ಒಬ್ಬರೇ ಬೈಕಿನಲ್ಲಿ ಬಂದಿದ್ದರು. ಟಯರ್ ಒದ್ದು ನೋಡಿದರು, ಬಾನೆಟ್ ತೆರೆದು ಮುಚ್ಚಿದರು, ಬಾಗಿಲು ತೆರೆದು ಸೀಟಿನಲ್ಲಿ ಕೂತು ಚಾವಿ ತಿರುಗಿಸಿದರು.

ಟಕ್. ಟಕ್. ಟಕ್.

ಅವರ ಕೈ ಚಾವಿಯ ಮೇಲೇ ನಿಂತಿತು. “ಏಮಿ ಸೌಂಡ್ ಅದಿ?” ಅದೇನು ಸದ್ದು ಎಂದರು.

ಅಷ್ಟರಲ್ಲಿ ಮನೆಯೊಳಗಿನಿಂದ ಅವಳು ತಟ್ಟೆಯಲ್ಲಿ ಎರಡು ಕಪ್ಪು ಚಹಾ ಹಿಡಿದು ಬಂದಳು. ಒಂದನ್ನು ಭಕ್ತಿಯಿಂದ ಬಾನೆಟ್ ಮೇಲಿಟ್ಟಳು. ಇನ್ನೊಂದನ್ನು ಲಿಂಗಂಪಲ್ಲಿಯವರಿಗೆ ಕೊಟ್ಟಳು.

“ಅದಿ ಎವರಿಕಿ?” ಆ ಚಹಾ ಯಾರಿಗೆ ಎಂದರು ಅವರು.

“ಪಾತ ಓನರ್‌ಕಿ.”

“ಆಯನ ಎಕ್ಕಡ?” ಆ ಹಳೇ ಮಾಲಕರು ಎಲ್ಲಿ, ಎಂದರು.

ಅವಳು ಬಾನೆಟ್ಟಿನ ಕಡೆ ಗಲ್ಲ ಎತ್ತಿ ತೋರಿಸಿ, ನೆಂಟರು ಮನೆಯೊಳಗಿದ್ದಾರೆ ಅನ್ನುವಷ್ಟು ಸಹಜವಾಗಿ ಹೇಳಿದಳು: “ಲೋಪಲ.”

ಒಳಗೆ. ಲಿಂಗಂಪಲ್ಲಿಯವರು ಕಪ್ಪನ್ನು ಸೀಟಿನ ಮೇಲಿಟ್ಟರು. ಇಳಿದರು. ಓಡಲಿಲ್ಲ, ಆದರೆ ಅಷ್ಟು ಬೇಗ ನಡೆಯುವವರನ್ನು ನಾನು ನೋಡಿಲ್ಲ. ಹೆಲ್ಮೆಟ್ ಬೈಕಿನ ಕನ್ನಡಿಗೆ ನೇತಾಡುತ್ತಲೇ ಹೋಯಿತು.

ಈಗ ಅವಳ ಗಂಡ ಕೂಗಾಡುತ್ತಾನೆ ಎಂದು ನಾನು ತಿರುಗಿದರೆ, ಡ್ರೈವರಣ್ಣನ ಕಣ್ಣಲ್ಲಿ ನೀರು, ಮುಖದಲ್ಲಿ ನಗು.

“ಹೋಗಿಲ್ರಿ ಅವರು! ಮೂರು ದಿನ ಸುಮ್ಮನಿದ್ದು ಇವ ಚಾವಿ ಮುಟ್ಟಿದ ಕೂಡ್ಲೇ ಬಡದ್ರು ನೋಡ್ರಿ ಅಕ್ಕಾರ. ಮಾರಬ್ಯಾಡ ಅಂತ ಹೇಳ್ಯಾರ. ಹಿರ್ಯಾರ ಮಾತು ಮೀರಂಗಿಲ್ಲ.” ಹೋಗಿ ಬಾನೆಟ್ ಮೇಲೆ ಮೂರು ಸಲ ಬಡಿದ. “ನಡಿ ಮಗಳ” ಎಂದ. ಹೆಂಡತಿ ನನ್ನ ಕಡೆ ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಬುಟ್ಟಿ ಇಳಿದಲ್ಲೇ ಉಳಿಯಿತು.

ಸೋಮವಾರ ಬೆಳಿಗ್ಗೆ ಉಸ್ತಾದರಿಗೆ ಮಿಠಾಯಿ ತೆಗೆದುಕೊಂಡು ಹೋದೆ. “ನಿಮ್ಮ ಹಳೇ ಫಿಲ್ಟರ್ ಕೆಲಸ ಮಾಡಿತು. ಇನ್ನು ಬೇಗ ಬಿಚ್ಚಿ ಹೊಸದು ಹಾಕಿಬಿಡಿ” ಎಂದೆ.

ಉಸ್ತಾದ್ ಮಿಠಾಯಿ ಬಾಯಿಗಿಟ್ಟುಕೊಂಡು ಶೆಲ್ಫಿನ ಕಡೆ ಬೆರಳು ತೋರಿಸಿದರು. ಪರದೆಯಿಲ್ಲದ ಆ ಎರಡೂ ಫಿಲ್ಟರುಗಳು, ಕುಂಕುಮದ್ದೂ ನಾನು ಕೊಟ್ಟದ್ದೂ, ಅಲ್ಲೇ ಕೂತಿದ್ದವು.

“ತೋಬಾ ತೋಬಾ. ಗೊತ್ತಿದ್ದೂ ಗೊತ್ತಿದ್ದೂ ಎಂಜಿನ್ ಹಾಳು ಮಾಡ್ತೀನಾ? ಆ ಹೆಣ್ಣುಮಗಳ ಮನಸ್ಸು ನೋಯಬಾರದು ಅಂತ ಹ್ಞೂಂ ಅಂದೆ. ಕೆಳಗೆ ಮಲಗಿ ಎದ್ದು ಬಂದೆ. ಗಾಡಿಯಲ್ಲಿರೋದು ನೀನು ಆರಿಸಿದ ಪರ್ದಾದ ಫಿಲ್ಟರೇ ಅಮ್ಮಾ.”

ನನ್ನ ಕೈಯಲ್ಲಿದ್ದ ಮಿಠಾಯಿ ಕೈಯಲ್ಲೇ ಉಳಿಯಿತು. ಭಾನುವಾರ ಆ ಬಡಿತ ಕೇಳಿದ ಹೊತ್ತು ಅವಳು ಒಳಗೆ ಚಹಾ ಸೋಸುತ್ತಿದ್ದಳು. ಅವಳ ಗಂಡ ನನ್ನ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ. ನನ್ನ ಎರಡೂ ಕೈ ಬ್ಯಾಗು ಹಿಡಿದಿದ್ದವು. ಇನ್ನೊಂದು ಮಾತು: ಭಾನುವಾರ ಹೊರಡುವಾಗ ಬಾನೆಟ್ ಮೇಲಿನ ಕಪ್ಪನ್ನು ಒಳಗೆ ಇಟ್ಟು ಬಂದವಳು ನಾನೇ. ಖಾಲಿಯಾಗಿತ್ತು. ಬಾನೆಟ್ ಒಣಗಿತ್ತು.

ಆದ್ದರಿಂದ ಡೀಸೆಲ್ ಪಿಕಪ್ ಇರುವ ಯಾರಾದರೂ ನಿಮಗೆ ಗೊತ್ತಿದ್ದರೆ ದಯವಿಟ್ಟು ಹೇಳಿ. ಹಳೇ ಪೀಸ್ ನೋಡಿ ಹೊಸದು ಕೊಳ್ಳಬೇಡಿ, ಗಾಡಿ ನೋಡಿ ಕೊಳ್ಳಿ. ಅಲ್ಲಾಡಿಸಿ ಕೇಳಿ. ಬೆಂಕಿಕಡ್ಡಿಯಿಂದ ಒತ್ತಿ ಪರದೆ ಇದೆಯೇ ನೋಡಿ. ಇಷ್ಟೆಲ್ಲ ಮಾಡಿದ ಮೇಲೂ ಒಳಗಿಂದ ಮೂರು ಸಲ ಬಡಿದರೆ, ಚಹಾಕ್ಕೆ ಸಕ್ಕರೆ ಸ್ವಲ್ಪ ಮುಂದಾಗಿಯೇ ಇರಲಿ. ನಾನು ಹೇಳಿದೆ ಅನ್ನಬೇಡಿ. ನಮ್ಮ ಅತ್ತೆ ಹೇಳಿದರು ಅನ್ನಿ. ಹೇಳುತ್ತೀರೋ ಇಲ್ಲವೋ ಎಂದು ಅವರು ನೋಡುತ್ತಿರುತ್ತಾರೆ.